ಮುಟ್ಟಬಾರದು ಅಂತ ಬೋರ್ಡೈತಿ, ಊದಬಾರದು ಅಂತ ಎಲ್ಲೈತಿ?

ನಮ್ಮ ಮಾವಗ ಬಿಗಿಯಾಗಿ ಎಳೆದು ಕಟ್ಟಿದ್ದು ಏನು ಕಂಡ್ರೂ ಒಂದ್ಸಲ ಬಡದು ನೋಡಬೇಕು. ತಬಲಾ, ಹಲಗಿ ಬಿಡ್ರಿ, ಬಸ್ಸಿನ ಸೀಟಿನ ರೆಗ್ಜಿನ್ ಆದ್ರೂ ನಡೀತೈತಿ. ಸಿರುಗುಪ್ಪದಾಗ ಹತ್ತಿದ್ರ ಬಳ್ಳಾರಿ ಬರೋತನಕ ಮುಂದಿನ ಸೀಟಿನೋರ ಬೆನ್ನಿಗೆ ಕೆಹರವಾ ತಾಳ ಬೀಳ್ತಿರ್ತೈತಿ, ಅವರು ಸಿಟ್ಟಿಲೆ ತಿರುಗಿ ನೋಡಿದ್ರ ಇವ ನಕ್ಕೋಂತ "ಲಯ ಚಲೋ ಕೂತೈತಲ್ರೀ?" ಅಂತ ಅವರನ್ನೇ ಕೇಳ್ತಾನ. ಲೈನ್‌ಮನ್ ಆಗಿ ರಿಟೈರ್ ಆದ ಮನುಷ್ಯ. ಕಬ್ಬಿಣದ ಕಂಬ ಹತ್ತೋಕಿಂತ ಮುಂಚೆ ಪ್ಲೈಯರಿಂದ ಅದನ್ನ ಬಡದು ಸ್ವರ ಕೇಳ್ತಿದ್ದ ಅಂತ ಅವನ ಜೋಡಿ ಕೆಲಸ ಮಾಡಿದೋರು ಈಗಲೂ ಹೇಳ್ತಾರ. ಶನಿವಾರ ಹನುಮಪ್ಪನ ಗುಡಿ ಭಜನಿಗೆ ಪೇಟಿ, ಅಂದ್ರ ಹಾರ್ಮೋನಿಯಂ, ಇವಂದೇ, ಬ್ಯಾರೆಯವರು ಮುಟ್ಟಂಗಿಲ್ಲ.

ಇಂಥಾವನ್ನ ವಾದ್ಯಗಳ ಮ್ಯೂಸಿಯಂಗೆ ಕರ್ಕೊಂಡು ಹೋಗೋ ಐಡಿಯಾ ನಮ್ಮ ಭಾವಂದು. ಭಾವ ಬೆಂಗಳೂರಿನೋರು, ಮೇ ತಿಂಗಳಾಗ ಬಳ್ಳಾರಿಗೆ ಬರೋ ಧೈರ್ಯ ಅವರಿಗೆ ಹೆಂಗ ಬರ್ತೈತೋ ಗೊತ್ತಿಲ್ಲ, ಅಕ್ಕಗೇನೋ ಅತ್ತಿ ಮಾಡೋ ಹಪ್ಪಳ ಸಂಡಿಗಿ ಬೇಕು ಅದಕ್ಕ ಬರ್ತಾಳ, ಆದ್ರ ಭಾವ ಬಂದ ದಿನದಿಂದ ಕೂಲರ್ ಮುಂದ ಕೂತು ಫೋನಿನಾಗ ಟೆಂಪರೇಚರ್ ನೋಡ್ಕೋಂತ "ನಲವತ್ತೆರಡು, ನಲವತ್ತೆರಡು" ಅಂತ ಜಪ ಮಾಡ್ತಿದ್ರು. ನೋಡಿದ್ರ ಕಡಿಮಿ ಆಗ್ತೈತೇನು, ಅದೂ ಇಲ್ಲ.

ಹಿಂದಿನ ದಿನ ಹಂಪಿಗೆ ಹೋಗಿದ್ವಿ. ಅಕ್ಕನ ಮಗ ಚಿನ್ನುಗ ಸಾಲ್ಯಾಗ ಯಾರೋ ಹೇಳಿದ್ದಾರ, ವಿಜಯವಿಠ್ಠಲ ಗುಡಿಯಾಗ 56 ಸಂಗೀತದ ಕಂಬ ಅದಾವ, ಬಡದ್ರ ಸರಿಗಮ ಬರ್ತೈತಿ ಅಂತ. ಪಾಪ ಹುಡುಗ ಅದಕ್ಕಂತಲೇ ಪೆನ್ಸಿಲ್ ಬಾಕ್ಸಿನ್ಯಾಗಿನ ಸ್ಕೇಲ್ ಹಿಡ್ಕೊಂಡು ಬಂದಿದ್ದ. ಅಲ್ಲಿ ಈಗ ಕಂಬ ಮುಟ್ಟಾಕ ಬಿಡಂಗಿಲ್ಲ, ಬಿಡಬಾರದು ಕೂಡ, ದಿನಾ ಅಷ್ಟು ಮಂದಿ ಬಡದ್ರ ಕಲ್ಲು ತಾನೇ ಎಷ್ಟು ತಡೀತೈತಿ. ಇವ ಸ್ಕೇಲ್ ಎತ್ತೋದಕ್ಕೂ ಕಾವಲಿನವನ ಸೀಟಿ ಊದೋದಕ್ಕೂ ಸರಿ ಹೋತು. ಒಟ್ಟಿನಾಗ ಆ ಮಂಟಪದಾಗ ನಾವು ಕೇಳಿದ ಸಂಗೀತ ಅಂದ್ರ ಆ ಸೀಟಿ ಒಂದೇ. ಬ್ರಿಟಿಷರು ಒಳಗೇನೈತಿ ಅಂತ ನೋಡಾಕ ಎರಡು ಕಂಬ ಕೊಯ್ದಿದ್ರು, ಒಳಗ ಏನೂ ಸಿಗಲಿಲ್ಲ ಅಂತ ಅಲ್ಲಿ ಗೈಡ್‌ಗಳು ಹೇಳ್ತಾರ. ಅದನ್ನ ಕೇಳಿ ಮಾವಗ ಭಾಳ ಕೆಟ್ಟನಿಸ್ತು. "ನಂಗ ಕೊಟ್ಟಿದ್ರ ಬರೇ ಬಡದು ಹೇಳ್ತಿದ್ದೆ, ಕೊಯ್ಯೋದು ಯಾಕ ಬೇಕಿತ್ತು" ಅಂದ.

ಹುಡುಗ ಮಾರಿ ಸಣ್ಣದು ಮಾಡ್ಕೊಂಡಿದ್ದಕ್ಕ ಭಾವ ರಾತ್ರಿ ಫೋನ್ ತಡಕಾಡಿ ಬಳ್ಳಾರಿ ಹೊರಗ ಒಂದು ಸಣ್ಣ ಜನಪದ ವಾದ್ಯಗಳ ಮ್ಯೂಸಿಯಂ ಐತಿ ಅಂತ ಹುಡುಕಿದ್ರು. ಇದೇ ಊರಾಗ ಹುಟ್ಟಿ ಬೆಳೆದ ನಮಗ ಯಾರಿಗೂ ಗೊತ್ತಿರ್ಲಿಲ್ಲ ಅನ್ನೋದು ಬ್ಯಾರೆ ಮಾತು.

ಮುಂಜಾನೆ ಹತ್ತಕ್ಕ ಹೊಂಟ್ವಿ. ಮ್ಯಾಪಿನ ಹೆಣ್ಣುಮಗಳು ಎಡಕ್ಕ ಬಲಕ್ಕ ಅಂತ ತಿರುಗಿಸಿ ತಿರುಗಿಸಿ ಒಂದು ಜೀನ್ಸ್ ವಾಷಿಂಗ್ ಯುನಿಟ್ ಮುಂದ ನಿಲ್ಲಿಸಿ "ನೀವು ತಲುಪಿದ್ದೀರಿ" ಅಂದ್ಳು. ಗೇಟಿನಾಗ ನೀಲಿ ಬಣ್ಣದ ಕೈಯವನೊಬ್ಬ ಬೀಡಿ ಸೇದ್ತಿದ್ದ. "ಅಣ್ಣಾ, ಇಲ್ಲೆ ಸಂಗೀತದ್ದು, ವಾದ್ಯ ಇಟ್ಟಿರೋ ಜಾಗ ಎಲ್ಲೈತಿ?" ಅಂತ ಕೇಳಿದ್ದಕ್ಕ ಭಾಳ ಖುಷಿಲೆ ದಾರಿ ತೋರಿಸಿದ. ಹೋಗಿ ನೋಡಿದ್ರ ಅದು ಮದುವಿಗೆ ಬ್ಯಾಂಡ್ ಬಾರಿಸೋರ ಅಂಗಡಿ. ಡ್ರಮ್ಮು, ಕ್ಲಾರಿಯೊನೆಟ್ಟು, ಕೆಂಪು ಕೋಟು ಎಲ್ಲಾ ತೂಗು ಹಾಕ್ಯಾರ. ಮಾಲೀಕ ನಮ್ಮನ್ನ ನೋಡಿದ್ದೇ ಡೈರಿ ತಗದ. "ಡೇಟ್ ಯಾವುದ್ರೀ? ಮೇ ಪೂರಾ ಫುಲ್ಲು, ಜೂನ್‌ನ್ಯಾಗ ಆದ್ರ ನೋಡೋಣು." ಇಲ್ಲಪಾ ನಾವು ಸುಮ್ನೆ ವಾದ್ಯ ನೋಡಾಕ ಬಂದೀವಿ ಅಂದ್ರ ಅವನಿಗೆ ಇನ್ನೂ ಗಟ್ಟಿ ನಂಬಿಕಿ ಬಂತು, ಹುಡುಗಿ ಕಡಿಯೋರೇ ಹಿಂಗ ಬಂದು ನೋಡೋದು ಅಂತ, ಭಾವಗ ಒಂದು ಖುರ್ಚಿ ಹಾಕಿ ಸೋಡಾ ತರಿಸಾಕ ಹುಡುಗನ್ನ ಕಳಿಸೇ ಬಿಟ್ಟ. ಅಷ್ಟರಾಗ ಮಾವ ಒಳಗ ಹೋಗಿ ಸೈಡ್ ಡ್ರಮ್ಮಿಗೆ ಕೈ ಇಟ್ಟಾಗಿತ್ತು. ಅವನನ್ನ ಎಳ್ಕೊಂಡು ಬರಬೇಕಾದ್ರ ಅವರಿಬ್ಬರದೂ ದೋಸ್ತಿ ಆಗಿ ನಂಬರ್ ಕೊಟ್ಟು ತಗೊಂಡಾಗಿತ್ತು. ಮ್ಯೂಸಿಯಂ ದಾರಿ ಕೊನೀಗೆ ಸರಿಯಾಗಿ ಹೇಳಿದವನೂ ಅವನೇ.

ಮ್ಯೂಸಿಯಂ ಅಂದ್ರ ಒಂದು ಹಳೇ ಮನಿ. ಮುಂದ ಕಟ್ಟಿ, ಒಂದು ಪಡಸಾಲಿ, ಎರಡು ಖೋಲಿ. ಬೀಗ ಹಾಕಿತ್ತು. ಬೋರ್ಡಿನ್ಯಾಗ 10ರಿಂದ 5 ಅಂತ ಬರೆದು ಕೆಳಗ ಸೀಮೆಸುಣ್ಣದಾಗ "ಕೀಲಿ ಎದುರುಮನಿ ಹೂವಿನ ಅಮ್ಮನ ಹತ್ರ" ಅಂತಿತ್ತು. ಎದುರುಮನಿಗೆ ಹೋದ್ರ ಹೂವಿನ ಅಮ್ಮ ಸಂತಿಗೆ ಹೋಗ್ಯಾಳ. ಅವರ ಸೊಸಿ "ಕೀಲಿ ಹೂವಿನ ಬುಟ್ಟ್ಯಾಗ ಹೋಗೈತ್ರೀ, ಬರ್ತೈತಿ ಕುಂದ್ರಿ" ಅಂದ್ಳು, ಕೀಲಿ ತಾನೇ ನಡ್ಕೊಂಡು ಬರೋ ಹಂಗ. ಕುಂತ್ವಿ. ಸುಡೋ ಕಟ್ಟಿ ಮ್ಯಾಲ ಎಲ್ಲಿ ಕುಂದ್ರಬೇಕ್ರೀ, ಅರ್ಧ ಕುಂತು ಅರ್ಧ ನಿಂತು ಮಜ್ಜಿಗಿ ಕುಡುದ್ವಿ. ಆ ಸೊಸಿ ಕೊಟ್ಟಿದ್ದು. ಶುಂಠಿ, ಕೊತ್ತಂಬರಿ ಹಾಕಿದ್ದು, ಆ ಹೊತ್ತಿನಾಗ ಅಮೃತ.

ಕಡೀಗೆ ಮೇಷ್ಟ್ರೇ ಬಂದ್ರು. ಮ್ಯೂಸಿಯಂ ಅವರದೇ. ನಾಟಕ ಕಂಪನಿಯಾಗ ಇದ್ದು ಆಮ್ಯಾಲ ಸಾಲ್ಯಾಗ ಸಂಗೀತ ಕಲಿಸಿದೋರು, ಊರೂರು ತಿರುಗಿ ಅಟ್ಟದ ಮ್ಯಾಲಿನ ವಾದ್ಯ ಇಳಿಸ್ಕೊಂಡು ಬಂದು ಇಟ್ಟಾರ. ಟಿಕೆಟ್ ದೊಡ್ಡೋರಿಗೆ 10, ಮಕ್ಕಳಿಗೆ 5. ಚಿಲ್ರಿ ಇಲ್ಲ ಅಂತ ಭಾವ ಫೋನಿಂದ ಹೊಡದ್ರು. ಬಾಗಿಲ ಪಕ್ಕದ ಮೊಳಿಗೆ ಜೋತುಬಿದ್ದ ಡಬ್ಬಿ ಗಟ್ಟಿಯಾಗಿ "ಐವತ್ತೈದು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಒದರಿತು. ಮಾವ ಬೆಚ್ಚಿಬಿದ್ದ. "ಈ ಮ್ಯೂಸಿಯಂನ್ಯಾಗ ಶ್ರುತಿ ತಪ್ಪದಂಗ ನುಡಿಯೋದು ಇದೊಂದೇರೀ" ಅಂದ್ರು ಮೇಷ್ಟ್ರು. ಅವಾಗ್ಲೇ ನನಗ ಈ ಮನುಷ್ಯ ಹಿಡಿಸಿಬಿಟ್ರು.

ಒಳಗ ಕಾಲಿಟ್ಟ ಕೂಡ್ಲೇ ದೊಡ್ಡದಾಗಿ "ವಸ್ತುಗಳನ್ನು ಮುಟ್ಟಬಾರದು". ಭಾವ ಚಿನ್ನುನ ಎರಡೂ ಕೈ ಹಿಡ್ಕೊಂಡ್ರು. ಹಿಡೀಬೇಕಾಗಿದ್ದು ಯಾರ ಕೈ ಅಂತ ನನಗ, ಅತ್ತಿಗೆ ಗೊತ್ತಿತ್ತು, ಆದ್ರ ಅತ್ತಿ ಕೈಯಾಗ ಆಗ್ಲೇ ಬುತ್ತಿ ಚೀಲ ಇತ್ತು.

ಗ್ವಾಡಿಗೆ ಸುಣ್ಣ ಹಚ್ಚೋರು ಲೇಬಲ್ ಎಲ್ಲಾ ಕಿತ್ತು ವಾಪಸ್ ತಮಗ ತಿಳಿದಂಗ ಅಂಟಿಸಿಬಿಟ್ಟಿದ್ರು. ಏಕತಾರಿ ಕೆಳಗ "ಇದನ್ನು ಎರಡು ಕೋಲುಗಳಿಂದ ಬಡಿಯುತ್ತಾರೆ" ಅಂತಿತ್ತು. ನಿಂತುಹೋದ ಗ್ವಾಡಿ ಗಡಿಯಾರದ ಕೆಳಗ ಜಾಗಟಿ ವಿವರ. ಎಲ್ಲಕ್ಕಿಂತ ಚಂದ ಅಂದ್ರ ಮೂಲ್ಯಾಗಿನ ಕೆಂಪು ಬೆಂಕಿ ಆರಿಸೋ ಸಿಲಿಂಡರ್, ಅದರ ಕೆಳಗ "ಬಾಯಿಯಿಂದ ಊದಿ ನುಡಿಸುವ ವಾದ್ಯ. ಜಾತ್ರೆ, ಮೆರವಣಿಗೆಗಳಲ್ಲಿ ಬಳಸುತ್ತಾರೆ." ಅಕ್ಕ ಅದನ್ನ ಪೂರ್ತಿ ಓದಿ, ಸಿಲಿಂಡರ್ ನೋಡಿ, ಮತ್ತ ಓದಿ, ಗಂಭೀರವಾಗಿ ಫೋಟೋ ತಗೊಂಡ್ಳು. ಮೇಷ್ಟ್ರು ಕೈ ಮುಗಿದ್ರು. "ಲೇಬಲ್ ಬಿಡ್ರಿ ತಾಯಿ, ನನ್ನ ಕೇಳ್ರಿ."

ಕೇಳಿದ್ದು ಚಲೋ ಆತು. ಆ ಮನುಷ್ಯಾಗ ಒಂದೊಂದು ವಾದ್ಯದ ಜಾತಕ ಗೊತ್ತಿತ್ತು. ಬಯಲಾಟದ ಮದ್ದಳಿ, ಮುಖವೀಣಿ, ಗೊಂದಲಿಗರ ಸಂಬಾಳ, ಬೀರಪ್ಪನ ಡೊಳ್ಳು, ಮೊಹರಮ್ಮಿನ್ಯಾಗ ಅಲಾಯಿ ಕುಣಿ ಬೆಂಕಿಗೆ ಹಿಡಿದು ಕಾಸೋ ಹಲಗಿ. ನಮ್ಮ ರಾಯಚೂರು ಕಡೆ ಮುದಗಲ್ಲಿಗೆ ಮೊಹರಮ್ ನೋಡಾಕ ಎಲ್ಲೆಲ್ಲಿಂದಲೋ ಮಂದಿ ಬರ್ತಾರ ಅಂತ ಭಾವಗ ಗೊತ್ತಿರ್ಲಿಲ್ಲ, ಹಿಂದೂಗಳೂ ಅಲಾಯಿ ದೇವರನ್ನ ಹೊರ್ತಾರ, ರಿವಾಯತ್ ಪದ ಹಾಡ್ತಾರ ಅಂದ್ರ ಕಣ್ಣು ಅಗಲ ಮಾಡಿದ್ರು. ಹಲಗಿ ಯಾಕ ಕಾಸ್ತಾರ ಅಂದ್ರ ತಂಪಿಗೆ ಚರ್ಮ ಸಡಲಾಗ್ತೈತಿ, ಶಾಖಕ್ಕ ಬಿಗೀತೈತಿ, ಬಿಗಿದ್ರ ನಾದ. "ನಮ್ಮೂರಾಗ ಬೆಂಕಿ ಬ್ಯಾಡ್ರೀ, ಮೇನ್ಯಾಗ ಐದು ನಿಮಿಷ ಕಟ್ಟಿ ಮ್ಯಾಲ ಇಟ್ರ ಸಾಕು, ಹತ್ತು ನಿಮಿಷ ಇಟ್ರ ಹರೀತೈತಿ" ಅಂದ್ರು ಮೇಷ್ಟ್ರು. ಭಾವಗ ಕೊನಿಗೂ ಬಳ್ಳಾರಿ ಬಿಸಿಲಿಗೆ ಒಂದು ಉಪಯೋಗ ಐತಿ ಅಂತ ಗೊತ್ತಾತು.

ತಬಲಾದ ನಡುವಿನ ಕಪ್ಪು ವೃತ್ತ ಏನು ಅಂತ ಚಿನ್ನು ಕೇಳಿದ. ಕಬ್ಬಿಣದ ಪುಡಿ, ಮಸಿ, ಅಂಟು ಕಲಿಸಿ ಪದರ ಪದರವಾಗಿ ಹಚ್ಚಿ, ಒಂದೊಂದು ಪದರಾನೂ ಕಲ್ಲಿನಿಂದ ಉಜ್ಜಿ ಉಜ್ಜಿ ಕೂಡಿಸ್ತಾರ, ಆ ಭಾರದಿಂದಲೇ ತಬಲಾಕ್ಕ ಸ್ವರ ಬರ್ತೈತಿ, ಅದಿಲ್ಲಂದ್ರ ಬರೇ ದಬ್ ದಬ್. ಮಾವ ತಲಿ ಅಲ್ಲಾಡಿಸಿದ. "ಕಬ್ಬಿಣದ ಪುಡಿ! ನೋಡಪಾ, ನಮ್ಮ ಸಂಡೂರಿನ ಗುಡ್ಡ ಲಾರಿ ಲಾರಿ ಹಡಗು ಹತ್ತಿ ಹೋತು, ಒಂದೊಂದು ಚಮಚಾ ಇಲ್ಲೇ ಇಟ್ಕೊಂಡಿದ್ರ ಇಡೀ ಜಿಲ್ಲಾಕ್ಕ ತಬಲಾ ಆಗ್ತಿದ್ವು." ಹೇಳ್ತಾ ಹೇಳ್ತಾ ಬೆರಳು ತಬಲಾ ಕಡೆ ಹೊಂಟಿತ್ತು. ಅತ್ತಿ ಬುತ್ತಿ ಚೀಲ ಅವನ ಕೈಗೆ ಕೊಟ್ಟ್ಳು. ಆಕಿ ಬುದ್ಧಿವಂತಿಕಿ ಮುಂದ ಯಾವ ಮ್ಯೂಸಿಯಂ ಗಾರ್ಡೂ ಇಲ್ಲ.

ಆದ್ರ ಚೀಲಕ್ಕ ಕೈ ಅಷ್ಟೇ ಸಿಕ್ಕಿದ್ವು, ಬಾಯಿ ಖಾಲಿ ಇತ್ತಲ್ಲ.

ಖೋಲಿ ಬಾಗಿಲ ಪಕ್ಕ ಒಂದು ಕೊಂಬು ಸ್ಟ್ಯಾಂಡಿಗೆ ನಿಲ್ಲಿಸಿದ್ರು, ದೊಡ್ಡದು, ಬಾಗಿದ್ದು, ಊದೋ ತುದಿ ಸರಿಯಾಗಿ ಮನುಷ್ಯಾರ ಬಾಯಿ ಎತ್ತರಕ್ಕ ಬಂದಿತ್ತು. ಮಾವ ಸುತ್ತ ನೋಡಿದ. "ಮುಟ್ಟಬಾರದು ಅಂತ ಬೋರ್ಡೈತಿ, ಊದಬಾರದು ಅಂತ ಎಲ್ಲೈತಿ?" ಅಂತ ನನ್ನ ಕಿವ್ಯಾಗ ಹೇಳಿ, ಚೀಲ ಎದಿಗವುಚ್ಕೊಂಡು, ಕುತ್ತಿಗಿ ಚಾಚಿ, ಉಸಿರು ಎಳ್ಕೊಂಡು ಊದಿದ. ಏನೂ ಬರ್ಲಿಲ್ಲ. ಇನ್ನೊಮ್ಮೆ ಊದಿದ. ಕೆನ್ನಿ ಉಬ್ಬಿ, ಕಣ್ಣು ಹೊರಗ ಬಂದು, ಹಣಿ ನರ ಎದ್ದು ನಿಂತ್ವು, ಕೊಂಬು ಮಾತ್ರ ಗಪ್‌ಚುಪ್. ಅದರೊಳಗ ಕುಂಬಾರ ಹುಳ ಮನಿ ಕಟ್ಟಿತ್ತು ಅಂತ ಯಾರಿಗೆ ಗೊತ್ತು. ಮೂರನೇ ಸಲಕ್ಕ ಒಳಗಿನ ಮಣ್ಣು ಫಟ್ ಅಂತ ಸಿಡಿದು ಆ ಕಡೆ ಬಾಯಿಂದ ಹಾರಿ ಹೋತು. ಆ ಕಡೆ ಬಾಯಿ ಎಲ್ಲಿತ್ತಂದ್ರ, ಕೂಲಾಗಿ ವಿಡಿಯೋ ಮಾಡ್ಕೋಂತ ನಿಂತಿದ್ದ ಭಾವನ ಮುಂದ. ಬಿಳಿ ಟೀ ಶರ್ಟು. ಅದರ ಹಿಂದೇ ನಾದ ಬಂತು ನೋಡ್ರಿ, ಅಯ್ಯಯ್ಯೋ. ಆ ಓಣಿ ನಾಯಿ ಎಲ್ಲಾ ಒಂದೇ ಸಲ ಕೂಗಾಕ ಹತ್ತಿದ್ವು, ಎದುರುಮನಿ ಸೊಸಿ ಯಾರ ಮನಿ ಮೆರವಣಿಗಿ ಅಂತ ಹೊರಗ ಓಡಿ ಬಂದ್ಳು. ಹುಳ ಮಾತ್ರ ಇರ್ಲಿಲ್ಲ, ಎಂದೋ ಬಿಟ್ಟು ಹೋದ ಗೂಡು, ಭಾವನ ಪುಣ್ಯ.

ನಾನು ಮೇಷ್ಟ್ರು ಬೈತಾರ ಅಂತ ತಲಿ ತಗ್ಗಿಸಿದ್ದೆ. ಅವರು ಓಡಿ ಬಂದು ಮಾವನ ಕೈ ಹಿಡ್ಕೊಂಡ್ರು. "ಎರಡು ವರ್ಷದಿಂದ ಅದು ಕಟ್ಟಿತ್ರೀ ಸ್ವಾಮಿ! ಕಡ್ಡಿ ಹಾಕಿದೆ, ತಂತಿ ಹಾಕಿದೆ, ಹೋಗಿರ್ಲಿಲ್ಲ." ಆಮ್ಯಾಲ ಅವರು ಹೇಳಿದ್ದು ಕೇಳಿ ಆ ಬೋರ್ಡಿನ ಮ್ಯಾಲಿನ ನನ್ನ ಮರ್ಯಾದಿ ಅರ್ಧ ಇಳೀತು. ಬೋರ್ಡು ಕಾಲೇಜು ಹುಡುಗರ ಸಲುವಾಗಿ ಅಂತ. ಬರ್ತಾರ, ಡೊಳ್ಳಿನ ಮ್ಯಾಲ ಕುಂತು ಸೆಲ್ಫಿ ತಗೋತಾರ. ವಾದ್ಯ ಬಾರಿಸದೇ ಇಟ್ರ ಚರ್ಮಕ್ಕ ಹುಳ ಬೀಳ್ತೈತಿ, ತಂತಿ ತುಕ್ಕು ಹಿಡೀತೈತಿ, ಪೇಟಿಗೆ ಇಲಿ ಸೇರ್ತಾವ, ಬಾರಿಸಾಕ ಬರೋರು ಮುಟ್ಟಿದ್ರ ನಂಗ ಸಂತೋಷ ಅಂದ್ರು. ಈ ಮಾತು ಮಾವನ ಮುಂದ ಹೇಳಬಾರದಾಗಿತ್ತು. ಬುತ್ತಿ ಚೀಲ ನನ್ನ ಕೈಗೆ ಬಂತು.

ಎರಡನೇ ಖೋಲಿಯಾಗ ಒಂದು ಫೋಟೋ, ದರೋಜಿ ಈರಮ್ಮಂದು. ಸಂಡೂರು ತಾಲೂಕಿನ ದರೋಜಿಯ ಆ ತಾಯಿ ಬುರ್ರಕಥಿ ಹೇಳ್ತಿದ್ರು, ಓದು ಬರಹ ಇಲ್ಲ, ರಾತ್ರಿ ರಾತ್ರಿ ಹೇಳೋ ಕಥಿ ಎಲ್ಲಾ ಬಾಯಿಪಾಠ, 2014ರಾಗ ತೀರ್ಕೊಂಡ್ರು. ಅತ್ತಿ ಸಣ್ಣಾಕಿ ಇದ್ದಾಗ ಊರ ಕಟ್ಟಿ ಮ್ಯಾಲ ಬುರ್ರಕಥಿ ಕೇಳ್ಯಾಳಂತ, ಯಾರ ಬಾಯಾಗ ಅಂತ ನೆನಪಿಲ್ಲ, ನಡುರಾತ್ರ್ಯಾಗ ನಿದ್ದಿ ಬಂದು ಕಥಿ ಅರ್ಧಕ್ಕೇ ನಿಂತಿದ್ದು ಮಾತ್ರ ನೆನಪೈತಿ. "ಆ ರಾಣಿ ಮುಂದ ಏನಾದ್ಳು ಅಂತ ಇವತ್ತಿಗೂ ಗೊತ್ತಿಲ್ಲ" ಅಂದ್ಳು. ಯಾವ ರಾಣಿ ಅಂದ್ರ ಅದೂ ಗೊತ್ತಿಲ್ಲ.

ಆ ಫೋಟೋ ಪಕ್ಕದಾಗ ಚೌಡಿಕಿ ಇತ್ತು.

ನೋಡದವರಿಗೆ ಹೇಳ್ತೀನಿ, ಚೌಡಿಕಿ ಅಂದ್ರ ಗೇಣುದ್ದದ ಮರದ ಕೊಳವಿ, ಒಂದು ಬಾಯಿಗೆ ಚರ್ಮ ಕಟ್ಟಿರ್ತಾರ, ಆ ಚರ್ಮದ ನಡುವಿಂದ ಒಂದು ತಂತಿ ಹೊಂಟು ಪಕ್ಕದ ಕೋಲಿನ ತುದಿಗೆ ಬಿಗಿದಿರ್ತೈತಿ. ಕಂಕುಳಾಗ ಅವುಚಿ ತಂತಿ ಮೀಟ್ತಾರ. ಬಾರಿಸೋದು ತಂತಿ, ಮಾತಾಡೋದು ಚರ್ಮ, ಟಂವ್ ಟಂವ್ ಅಂತ ಎರಡರ ದನಿಯೂ ಕೂಡಿ ಬರ್ತೈತಿ. ನಮ್ಮ ಕಡೆ ಹುಲಿಗೆಮ್ಮನ ಗುಡಿಗೆ, ಸವದತ್ತಿ ಎಲ್ಲಮ್ಮಗ ಹೋದೋರು ಆ ನಾದ ಮರೆಯಂಗಿಲ್ಲ. ಮ್ಯೂಸಿಯಂ ಚೌಡಿಕಿಗೆ ಹಳದಿ ಬಣ್ಣ ಹತ್ತಿತ್ತು, ಬಣ್ಣ ಅಲ್ಲ, ಭಂಡಾರ, ದೇವಿಯ ಅರಿಷಿಣ ಪುಡಿ. ಎಷ್ಟೋ ವರ್ಷ ಕೈಯಿಂದ ಕೈಗೆ ಹತ್ತಿ ಹತ್ತಿ ಮರದೊಳಗ ಇಳಿದಿತ್ತು. ಹಿಡಿಯೋ ಜಾಗದಾಗ ಮರ ನುಣ್ಣಗಾಗಿ ಬೆರಳಿನ ಗುರುತು ಬಿದ್ದಿತ್ತು. ಎಲ್ಲಮ್ಮನ ಜೋಗತಿ ನೃತ್ಯದ ಕಲಾವಿದೆ, ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಗೆ 2021ರಾಗ ಪದ್ಮಶ್ರೀ ಕೊಟ್ಟಾಗ ರಾಷ್ಟ್ರಪತಿಗೇ ಸೆರಗಿಲೆ ದೃಷ್ಟಿ ತಗದ್ರಲ್ಲ, ಅದನ್ನ ಅತ್ತಿ ಟೀವ್ಯಾಗ ನೋಡಿ ಅತ್ತಾಕಿ, ಫೋನಿನಾಗ ಆ ವಿಡಿಯೋ ಈಗಲೂ ಐತಿ.

ಮೇಷ್ಟ್ರು ಚೌಡಿಕಿ ತಗದು ಎರಡು ಸಲ ಮೀಟಿದ್ರು ಅಷ್ಟೇ. ಅತ್ತಿ ಚಪ್ಪಲಿ ಬಿಟ್ಟ್ಳು, ಸೆರಗು ಹೊದ್ದ್ಳು, ಪರ್ಸಿನಿಂದ ಕುಂಕುಮದ ಪೊಟ್ಟಣ ತಗದು ಅವರು ವಾಪಸ್ ಇಟ್ಟ ಚೌಡಿಕಿಗೆ ಹಚ್ಚಿ, ಹನ್ನೊಂದು ರೂಪಾಯಿ ಇಟ್ಟು ಉದ್ದಕ ನಮಸ್ಕಾರ ಮಾಡಿದ್ಳು. ಭಾವ "ಅತ್ತೆ, ಇದು ಎಕ್ಸಿಬಿಟ್ಟು" ಅಂತ ಸಣ್ಣ ದನಿಲೆ ಹೇಳಾಕ ಹೋದ್ರು. "ಏನರ ಇರ್ಲಿ ಬಿಡಪಾ, ಹುಲಿಗೆಮ್ಮನ ಮುಂದ ನುಡಿದಿದ್ದು" ಅಂದ್ಳು. ವಾದ ಮುಗೀತು.

ಅಷ್ಟರಾಗ ಕುರುಗೋಡು ಕಡಿಯಿಂದ ಒಂದು ಕುಟುಂಬ ಬಂತು, ಏಳೆಂಟು ಮಂದಿ. ಅವರು ಬಾಗಿಲಾಗಿನಿಂದ ನೋಡಿದ್ದು ಏನು? ಕುಂಕುಮ, ದುಡ್ಡು, ಚಪ್ಪಲಿ ಹೊರಗ, ಕೈ ಮುಗಿದು ನಿಂತ ಹೆಣ್ಣುಮಗಳು. ಅವರೂ ಚಪ್ಪಲಿ ಬಿಟ್ಟ್ರು. ಅವರಾಗಿನ ಅಜ್ಜಿ ಒಬ್ಬಾಕಿ ಇಪ್ಪತ್ತು ಇಟ್ಟ್ಳು, ಹಿಂದಿನೋರು ಹತ್ತು ಹತ್ತು. ಒಬ್ಬಾತ ನನ್ನ ಕೇಳಿದ, "ಕಾಯಿ ಒಡೀಬಹುದೇನ್ರೀ ಇಲ್ಲೆ?" ನಾನು ಮೇಷ್ಟ್ರ ಕಡೆ ನೋಡಿದೆ. ಮೇಷ್ಟ್ರು ಚಾವಣಿ ಕಡೆ ನೋಡಿದ್ರು. ಆಮ್ಯಾಲ ಅವರೇ ಒಳಗ ಹೋಗಿ ಒಂದು ಸ್ಟೀಲ್ ತಟ್ಟಿ ತಂದು ಚೌಡಿಕಿ ಮುಂದ ಇಟ್ಟು, ದುಡ್ಡೆಲ್ಲಾ ಅದರಾಗ ಹಾಕಿ, "ಈ ದುಡ್ಡಿನಿಂದ ಇದಕ್ಕೇ ಹೊಸ ತಂತಿ ಹಾಕಿಸ್ತೀನ್ರೀ" ಅಂದ್ರು. ಟಿಕೆಟಿಗಿಂತ ಜಾಸ್ತಿ ಆ ತಟ್ಟ್ಯಾಗ ಬಿದ್ದಿತ್ತು. ನನಗಂತೂ ಅತ್ತಿ ಮಾಡಿದ್ದೇ ಸರಿ ಅನಿಸ್ತು. ಹತ್ತು ಊರಿನ ಭಂಡಾರ ಹೀರಿದ ವಸ್ತುಗೆ ಗ್ವಾಡಿ ಮ್ಯಾಲಿನ ಲೇಬಲ್ ಸಾಲಂಗಿಲ್ಲ, ಅದೂ ಗಡಿಯಾರದ ಲೇಬಲ್.

ಇನ್ನು ಪೇಟಿ ವಿಷಯ. ಕಾಲುಪೇಟಿ ನೋಡೀರೇನು ನೀವು? ನಾಟಕ ಕಂಪನಿಗಳಾಗ ಇರ್ತಿತ್ತು. ಸ್ಟೇಜಿನ ಮುಂದ ಕೆಳಗ ಪೇಟಿ ಮಾಸ್ತರು ಕುರ್ಚಿ ಹಾಕ್ಕೊಂಡು ಕೂತು, ಎರಡೂ ಕಾಲಿನಿಂದ ಹಲಗಿ ತುಳದು ಗಾಳಿ ಹಾಕ್ಕೋಂತ, ಎರಡೂ ಕೈಲೆ ಬಾರಿಸ್ಕೋಂತ, ಕಣ್ಣು ಮಾತ್ರ ಮ್ಯಾಲ ಹಾಡೋರ ಬಾಯಿ ಮ್ಯಾಲ. ಬಳ್ಳಾರಿ ರಾಘವರ ಊರು ಇದು, ನಾಟಕದ ಹುಚ್ಚು ಇಲ್ಲಿ ನೀರಿನಾಗೇ ಐತಿ. ಮೇಷ್ಟ್ರು ಕಂಪನಿಯಾಗ ಇದ್ದಾಗ ಬಾರಿಸಿದ ಪೇಟೀನೇ ಅಲ್ಲಿತ್ತು. ಅದರ ಬಿಳಿ ಮನಿಗಳು, ಅಂದ್ರ ಬೆರಳಿಡೋ ಕೀಗಳು, ಹಳದಿ ಆಗಿ, ನಡುವಿನವು ಬೆರಳು ಬಿದ್ದು ಬಿದ್ದು ತಗ್ಗಾಗಿದ್ವು.

ಮೇಷ್ಟ್ರು ಸಿಟ್ಟಿನಿಂದ ಒಂದು ಕಥಿ ಹೇಳಿದ್ರು. ಈ ಪೇಟೀನ ಆಕಾಶವಾಣಿಯೋರು 1940ರಿಂದ 1971ರ ತನಕ ಒಳಗೇ ಬಿಟ್ಕೊಂಡಿರ್ಲಿಲ್ಲ. ವಿಲಾಯತಿ ವಾದ್ಯ, ಸ್ವರ ಕಡದು ಕಡದು ಇಟ್ಟಂಗ ಇರ್ತಾವ, ಒಂದರಿಂದ ಒಂದಕ್ಕ ಜಾರಾಕ ಬರಂಗಿಲ್ಲ, ನಮ್ಮ ಗಾಯನಕ್ಕ ಹೊಂದಂಗಿಲ್ಲ ಅಂತ. ಮೂವತ್ತೊಂದು ವರ್ಷ! ರೇಡಿಯೋದಾಗ ನಿಷೇಧ, ಹನುಮಪ್ಪನ ಗುಡಿಯಾಗ ದಿನಾ. ಮಾವಗ ಇದು ಗೊತ್ತೇ ಇರ್ಲಿಲ್ಲ, ತನಗೇ ಅವಮಾನ ಆದಂಗ ಕೆಂಪಗಾದ. "ಯಾರವ ಅದನ್ನ ಮಾಡಿದವ?" ಅಂತ ಕೇಳಿದ ದನಿ ನೋಡಿದ್ರ ಈಗಲೇ ಹೋಗಿ ಅವನ ಮನಿ ಫ್ಯೂಸ್ ಕೀಳ್ತಾನ ಅನಿಸ್ತು.

"ಬಾರಿಸ್ರಿ" ಅಂದ್ರು ಮೇಷ್ಟ್ರು.

ಮಾವ ಕುಂತ, ಅಂಗಿ ತೋಳು ಏರಿಸಿದ, ದೇವರಿಗೆ ಕೈ ಮುಗದು ಹಲಗಿ ತುಳಿದ. ಬೆರಳು ಇನ್ನೂ ಮನಿ ಮ್ಯಾಲ ಇಟ್ಟೇ ಇಲ್ಲ, ಪೇಟಿ ತಾನೇ "ಪೀಂ" ಅಂತು. ಒಂದು ಕಪ್ಪು ಮನಿ ಕೆಳಗ ಸಿಕ್ಕೊಂಡ್ಬಿಟ್ಟಿತ್ತು. ಮೇಷ್ಟ್ರು ಅದನ್ನ ಎಬ್ಬಿಸಿದ್ರು, ಮತ್ತ ಕುಂತಿತು. ಬಸ್ ಟಿಕೆಟ್ ಮಡಿಚಿ ಸಂದ್ಯಾಗ ತುರುಕಿದ್ರು, ಟಿಕೆಟ್ ಒಳಗ ಹೋತು, ಮನಿ ಬರ್ಲಿಲ್ಲ. ಭಾವ ಎಟಿಎಂ ಕಾರ್ಡ್ ಕೊಟ್ರು, ಅಕ್ಕ ಅದನ್ನ ಕಸ್ಕೊಂಡ್ಳು. ತುಳಿದಷ್ಟೂ "ಪೀಂ". ಎಲ್ಲರೂ ಕೈ ಚೆಲ್ಲಿದ್ವಿ, ಮಾವ ಮಾತ್ರ ಕಿವಿ ಕೊಟ್ಟು ಕೇಳಿ ಮಾರಿ ಅರಳಿಸಿದ. "ಕಪ್ಪು ಒಂದು, ಮೊದಲನೇ ಕಪ್ಪು ಮನಿ! ನಾನು ಹಾಡೋ ಶ್ರುತೀನೇ ಸಿಕ್ಕೊಂಡೈತಿ, ಬಿಡ್ರಿ, ಎಬ್ಬಿಸಬ್ಯಾಡ್ರಿ ಅದನ್ನ!"

ಅದೇ ಹೊತ್ತಿಗೆ ಕರೆಂಟ್ ಹೋತು. ಫ್ಯಾನ್ ನಿಂತಿತು, ಕಿಟಕಿ ಇಲ್ಲದ ಖೋಲಿ, ಕತ್ತಲು. ಕತ್ತಲಾಗ "ಪೀಂ" ಮಾತ್ರ ನಿಲ್ಲಲಿಲ್ಲ. ಚಿನ್ನು ಹೆದರಿ ಅಕ್ಕನ ಸೊಂಟ ಹಿಡ್ಕೊಂಡ. ಆಮ್ಯಾಲ ಆ ಪೀಂ ಮ್ಯಾಲ ಮಾವನ ದನಿ ಎದ್ದಿತು, ತತ್ವಪದ. ಎರಡನೇ ಸಾಲಿಗೆ ಮೇಷ್ಟ್ರು ತಬಲಾ ಎಳ್ಕೊಂಡ್ರು. ಕುರುಗೋಡಿನ ಅಜ್ಜಿ ಎಲ್ಲಿಂದಲೋ ತಾಳ ಹುಡುಕಿ ಹಿಡಿದಿದ್ಳು, ಮ್ಯೂಸಿಯಂದೇ ತಾಳ ಇರಬೇಕು, ಯಾರ ಕೇಳ್ತಾರ. ಅವರ ಮಂದಿ ಎಲ್ಲಾ ಸೊಲ್ಲು ಹಿಡಿದ್ರು. ಫೋನಿನ ಟಾರ್ಚ್ ಹಚ್ಚಿ ಭಾವ ನೋಡಿದ್ರ, ಚಿನ್ನು ಡೊಳ್ಳಿನ ಮುಂದ ಕುಂತು ಆ ಹಂಪಿ ಸ್ಕೇಲಿನಿಂದ ಬಡ್ಯಾಕ ಹತ್ಯಾನ, ತಾಳಕ್ಕ ಕೂಡ್ತಿರ್ಲಿಲ್ಲ, ಆದ್ರ ಮಾರಿ ನೋಡಿ ಯಾರೂ ನಿಲ್ಲಿಸಲಿಲ್ಲ. ಭಾವನೂ ಕಡೀಗೆ ಕುಂತ್ರು. ಟೀ ಶರ್ಟಿನ ಮ್ಯಾಲ ಕೊಂಬಿನ ಮಣ್ಣು, ಮೈ ತುಂಬ ಬೆವರು, ಬಾಯಾಗ ಸೊಲ್ಲು. ಅರ್ಧ ತಾಸು ನಡೀತು. ಕರೆಂಟ್ ಬಂದಿದ್ದು ಯಾರಿಗೂ ಬೇಕಾಗಿರ್ಲಿಲ್ಲ. ಹೂವಿನ ಅಮ್ಮ ಸಂತಿಯಿಂದ ಬಂದು ಬಾಗಿಲಾಗ ನಿಂತಿದ್ಳು, ಕೀಲಿ ಕೈಯಾಗ ಹಿಡ್ಕೊಂಡು, ಇಷ್ಟು ಮಂದಿ ಬೀಗ ಹಾಕಿದ ಮನ್ಯಾಗ ಹೆಂಗ ಬಂದ್ರು ಅಂತ ನೋಡ್ಕೋಂತ. ಮೇಷ್ಟ್ರ ಹತ್ರ ಇನ್ನೊಂದು ಕೀಲಿ ಇರೋದು ಆಕಿಗೆ ಅವತ್ತೇ ಗೊತ್ತಾಗಿದ್ದಂತ, ಅದಕ್ಕ ಸ್ವಲ್ಪ ಬ್ಯಾಸರ ಮಾಡ್ಕೊಂಡ್ಳು.

ಬುತ್ತಿ ಅಲ್ಲೇ ಕಟ್ಟಿ ಮ್ಯಾಲ ಬಿಚ್ಚಿದ್ವಿ, ಕುರುಗೋಡಿನೋರು ಶೇಂಗಾ ಚಟ್ನಿ ಕೊಟ್ರು. ಊಟದಾಗ ಮೇಷ್ಟ್ರು ಹೇಳಿದ್ರು, ಹುಡುಗಗ ಕಲ್ಲೇ ಬಡೀಬೇಕಂದ್ರ ಹಂಪಿಗೆ ಯಾಕ ಹೋದ್ರಿ, ಇಲ್ಲೇ ಸಂಗನಕಲ್ಲು ಕಪ್ಪಗಲ್ಲು ಗುಡ್ಡ ಐತಲ್ಲ ಅಂತ. ಅಲ್ಲಿ ಕರಿಕಲ್ಲಿನ ಬಂಡಿಗಳ ಮ್ಯಾಲ ನವಶಿಲಾಯುಗದ ಮಂದಿ ಕೆತ್ತಿದ ಚಿತ್ರ ಅದಾವ, ಜಾಸ್ತಿ ದನಗಳೇ, ಉದ್ದುದ್ದ ಕೊಂಬಿನವು. ಜೋಡಿಗೆ ಕೆಲವು ಬಂಡಿ ಬಡದ್ರ ಗಂಟಿ ಹೊಡದಂಗ ನುಡೀತಾವ, ಸಾವಿರಾರು ವರ್ಷದ ಹಿಂದೆ ಬಡದು ಬಡದು ತಗ್ಗು ಬಿದ್ದ ಗುರುತು ಈಗಲೂ ಐತಿ. 1892ರಾಗ ಇಂಗ್ಲಿಷರು ಮೊದಲು ಬರೆದಿಟ್ರು, ಆಮ್ಯಾಲ ಅದು ಎಲ್ಲೈತಿ ಅಂತ ಪಂಡಿತರಿಗೇ ಮರ್ತು ಹೋಗಿ, 2000ದ ನಂತರ ಮತ್ತ ಹುಡುಕಿದ್ರು. ಕುರಿ ಕಾಯೋರಿಗೆ ಯಾವತ್ತೂ ಕಳದಿರ್ಲಿಲ್ಲ ಅನ್ನೋದು ಮೇಷ್ಟ್ರ ವಾದ. ಕ್ವಾರಿಯೋರು ಆ ಗುಡ್ಡಾನೂ ಬಿಡ್ತಿರ್ಲಿಲ್ಲ ಅಂತ ಸೇರಿಸಿದ್ರು, ಮಾವ ಸಂಡೂರಿನ ಮಾತು ಮತ್ತ ತಗದ, ಅತ್ತಿ ರೊಟ್ಟಿ ಕೊಟ್ಟು ನಿಲ್ಲಿಸಿದ್ಳು.

ಸಂಜಿ ಬಿಸಿಲು ಇಳಿದ ಮ್ಯಾಲ ಹೋದ್ವಿ. ಅಕ್ಕ, ಅತ್ತಿ ಕಾರಿನಾಗೇ ಕುಂತ್ರು. ಭಾವ ಮೊದಲೇ ತಾಕೀತು ಮಾಡಿದ್ರು, ಚಿತ್ರ ಇರೋ ಕಲ್ಲು ಮುಟ್ಟಂಗಿಲ್ಲ, ಗಟ್ಟಿ ಬಡಿಯಂಗಿಲ್ಲ. ಅದಕ್ಕ ಮಾವ, ಚಿನ್ನು ಇಬ್ಬರೂ ಕೆಳಗಿನ ಬೋಳು ಬಂಡಿಗಳಿಗೆ ಸಣ್ಣ ಹರಳಿಂದ ತಟ್ಟಿ ತಟ್ಟಿ ಕಿವಿ ಇಟ್ಟು ಕೇಳ್ಕೋಂತ ಹೊಂಟ್ರು. ಟಕ್. ಟಕ್. ಟಕ್. ಒಂದೂ ನುಡೀಲಿಲ್ಲ. ಮ್ಯಾಲಿಂದ ಒಬ್ಬ ಕುರಿ ಹುಡುಗ ಬಾಳ ಹೊತ್ತು ಇವರನ್ನ ನೋಡಿ, ತಡೀಲಾರದ ಇಳಿದು ಬಂದ. "ಅವು ಬರೇ ಕಲ್ರೀ ಯಜಮಾನ್ರ" ಅಂದ. ಸ್ವಲ್ಪ ಮ್ಯಾಲ ಕರ್ಕೊಂಡು ಹೋಗಿ, ಒಂದು ಕರಿ ಬಂಡಿ ತುದಿಗಿದ್ದ ತಗ್ಗಿನಾಗ ಹರಳಿಂದ ಮೆತ್ತಗ ತಟ್ಟಿದ. ಟಣ್ಣ್ ಅಂತು! ಕಲ್ಲಿನ ಸಪ್ಪಳ ಅಲ್ಲವೇ ಅಲ್ಲ, ಕಂಚಿಂದು. ಚಿನ್ನು ಬಾಯಿ ಬಿಟ್ಕೊಂಡು ನಿಂತ. ಕುರಿ ಒಂದೂ ತಲಿ ಎತ್ತಲಿಲ್ಲ.

ಮಾವ ಕಣ್ಣು ಮುಚ್ಚಿ, ಇನ್ನೊಮ್ಮೆ ತಟ್ಟಿಸಿ, "ಆಂ..." ಅಂತ ದನಿ ಕೂಡಿಸಿ ನೋಡಿದ. ಕೆಮ್ಮು ಬಂತು.

"ಬಿಳಿ ನಾಲ್ಕು ಐತಪಾ ಇದು, ನಂಗ ಭಾಳ ಎತ್ತರ ಆಗ್ತೈತಿ" ಅಂದ. "ಕಪ್ಪು ಒಂದರಾಗ ಯಾವುದರ ಕಲ್ಲು ಐತೇನು ನೋಡು."

ಹುಡುಗ ನಗಲಿಲ್ಲ, ಸುತ್ತ ಬಂಡಿಗಳ ಕಡೆ ಒಮ್ಮೆ ಕಣ್ಣಾಡಿಸಿದ. "ದಪ್ಪ ದನೀದು ಈ ಕಡೆ ಇಲ್ರೀ, ಆ ಮಗ್ಗಲಿಗೆ ಎರಡು ಅದಾವ. ನಾಳೆ ಮುಂಜಾನೆ ಬರ್ರಿ, ಕುರಿ ಆ ಕಡೆ ಹೊಡೀತೀನಿ."